ಮೂಲೆ ಮಡಿಚಿದ ಕೇಸ್ ಪೇಪರು

ಡಾಕ್ಟರ ಕೋಣೆಯ ಬಾಗಿಲ ಹೊರಗೆ ಒಂದು ಸ್ಟೂಲು ಇರುತ್ತದೆ. ಅದರ ಮೇಲೆ ಕೂತವನನ್ನು ಯಾರೂ ನೋಡುವುದಿಲ್ಲ. ಅವನು ಮಾತ್ರ ಎಲ್ಲರನ್ನೂ ನೋಡುತ್ತಿರುತ್ತಾನೆ. ಮೂವತ್ತೆರಡು ವರ್ಷ ನಾನು ಆ ಸ್ಟೂಲಿನ ಮೇಲೆ ಕೂತೆ. ಈಗ ಅಲ್ಲಿಗೆ ಬರುವವರು ಕಂಪ್ಯೂಟರು ಕಲಿತು ಬರುತ್ತಾರೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಆದರೂ ಒಂದು ದಿನ ತಡವಾಗಿ ಬಂದವನಲ್ಲ, ಒಬ್ಬರ ಕಾಗದ ಇನ್ನೊಬ್ಬರಿಗೆ ಕೊಟ್ಟವನಲ್ಲ. ಈ ಹೆಮ್ಮೆ ನನಗೆ ಇದೆ, ಮುಚ್ಚಿಡುವುದಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳಬೇಕಾದದ್ದು ಔಷಧದ ದರದ ವಿಷಯ. ವಯಸ್ಸಾದವರು ದರದ ಬಗ್ಗೆ ಡಾಕ್ಟರ ಮುಂದೆ ಆಡುವ ಮಾತು ಒಂದು, ಹೊರಗೆ ಬೆಂಚಿನ ಮೇಲೆ ಆಡುವ ಮಾತು ಇನ್ನೊಂದು. ಆ ಎರಡು ಮಾತುಗಳ ನಡುವೆ ನಮ್ಮ ಸ್ಟೂಲು. ಅಲ್ಲಿ ಕೂತು, ಒಳ್ಳೆಯದು ಮಾಡುತ್ತಿದ್ದೇನೆ ಅಂದುಕೊಂಡು, ತಿಕೋಟಾದ ಒಬ್ಬ ಮನುಷ್ಯನ ಪಾದಕ್ಕೆ ನಾನು ಕುತ್ತು ತಂದೆ. ಅದನ್ನು ಬಿಟ್ಟು ಬೇರೆ ಏನು ಬರೆದರೂ ಸುಳ್ಳಾಗುತ್ತದೆ.

ನಾನು ಸೇರಿದಾಗ ನಮ್ಮ ದವಾಖಾನೆ ವಿಜಯಪುರದ ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯದು. ವಾರದಲ್ಲಿ ಒಂದು ದಿನ ಡಾಕ್ಟರು ತಿಕೋಟಾಕ್ಕೆ, ಒಂದು ದಿನ ಬಬಲೇಶ್ವರಕ್ಕೆ ಹೋಗುತ್ತಿದ್ದರು. ಔಷಧದ ಪೆಟ್ಟಿಗೆ ಹೊತ್ತು ನಾನೂ ಜೊತೆಗೆ. ಆಗ ಔಷಧ ನಮ್ಮಲ್ಲೇ ಸಿಗುತ್ತಿತ್ತು. ಕೆಮ್ಮಿನ ಕೆಂಪು ನೀರನ್ನು ರೋಗಿ ಮನೆಯಿಂದ ತಂದ ಬಾಟಲಿಗೆ ಸುರಿದು, ಕಾಗದದ ಪಟ್ಟಿಯನ್ನು ಹಲ್ಲುಹಲ್ಲಾಗಿ ಕತ್ತರಿಸಿ ಅದಕ್ಕೆ ಅಂಟಿಸುತ್ತಿದ್ದೆ. ಒಂದು ಹಲ್ಲು ಇಳಿದರೆ ಒಂದು ಹೊತ್ತಿನ ಔಷಧ. ಫೀಸು, ಔಷಧ ಎರಡೂ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಔಷಧಕ್ಕೆ ತನ್ನದೇ ಒಂದು ದರ ಇದೆ ಅನ್ನುವುದು ಯಾರಿಗೂ ನೆನಪಾಗುತ್ತಿರಲಿಲ್ಲ.

ಆಮೇಲೆ ಚೀಟಿ ಬಂತು. ಔಷಧ ನನ್ನ ಕಪಾಟು ಬಿಟ್ಟು ಎದುರಿನ ಮೆಡಿಕಲ್ ಅಂಗಡಿಗೆ ಹೋಯಿತು. ಅವತ್ತು ಸಂಶಯ ಬಂದು ನಮ್ಮ ಬೆಂಚಿನ ಮೇಲೆ ಕೂತಿತು, ಇನ್ನೂ ಎದ್ದಿಲ್ಲ. ಮುದುಕರು ಚೀಟಿಯನ್ನು ಕೋರ್ಟಿನ ನೋಟೀಸಿನಂತೆ ಎರಡು ಬೆರಳಲ್ಲಿ ಹಿಡಿದು ಹೊರಗೆ ಬರುವರು. ನನ್ನ ಹತ್ತಿರ ಬಗ್ಗಿ, ದನಿ ಇಳಿಸಿ ಕೇಳುವರು.

“ಹುಸೇನಸಾಬ್ರ, ಇದು ಎಷ್ಟ ಆಗತೈತಿ?”

“ಒಳಗ ಡಾಕ್ಟರಿಗೇ ಕೇಳಬೇಕಿಲ್ಲೇನ್ರಿ?”

“ಒಳಗ ಹ್ಯಾಂಗ ಕೇಳಲಿ? ಬದನಿಕಾಯಿ ಕೊಳ್ಳಾಕ ಬಂದೇನೇನು?”

ಇನ್ನೊಬ್ಬರದು ಬೇರೆ ಲೆಕ್ಕಾಚಾರ. “ಕೇಳಿದ್ರ, ಇಂವನ ಕಡೆ ರೊಕ್ಕಿಲ್ಲ ಅಂತ ತಿಳದು ಎಂಥಾದರ ಬರದಬಿಟ್ಟಾರು. ಸುಮ್ನ ಇರೂದ ಚಲೋ.”

ಸುಮ್ಮನಿದ್ದು ಏನು ಮಾಡುತ್ತಿದ್ದರು? ಮೆಡಿಕಲ್ ಅಂಗಡಿಗೆ ಹೋಗಿ ಎರಡು ದಿನದ್ದು ಕತ್ತರಿಸಿ ಕೊಡಿ ಅನ್ನುತ್ತಿದ್ದರು. ಅಂಗಡಿಯವನು ಕತ್ತರಿಯಿಂದ ಗುಳಿಗೆಯ ಪಟ್ಟಿ ತುಂಡು ಮಾಡುತ್ತಿದ್ದ. ತಾರೀಖು ಇರುವ ತುದಿ ಅವನಲ್ಲೇ ಉಳಿಯುತ್ತಿತ್ತು. ಆಗ ಅದರ ಮೇಲೂ ಸಂಶಯ: “ಹಳೇದ ಹಾಕಿ ಕೊಟ್ಟಾನ ನೋಡ್ರಿ, ತಾರೀಖ ಕತ್ತರಿಸಿ ಇಟ್ಕೊಂಡಾನ.” ಕೆಲವರು ಅಂಗಡಿಗೂ ಹೋಗುತ್ತಿರಲಿಲ್ಲ. ಒಮ್ಮೆ ನಮ್ಮ ಹಿರಿಯ ಡಾಕ್ಟರು ಒಬ್ಬ ಮುದುಕಿಯ ಬಗ್ಗೆ ಕೇಳಿದರು.

“ಆ ಅವ್ವ ಔಷಧ ತಗೊಂಡಳೇನೋ ಹುಸೇನ?”

“ಇಲ್ರಿ ಸಾಹೇಬ್ರ. ಚೀಟಿ ಮಡಚಿ ಕುಬಸದಾಗ ಇಟ್ಕೊಂಡ ಬಸ್ ಹತ್ತಿದಳು.”

ಡಾಕ್ಟರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. “ಇಂಥವ್ರು ಬಂದ್ರ ಕೇಸ್ ಪೇಪರಿನ ಮೂಲಿ ಮಡಚಿ ಕಳಿಸು,” ಅಂದರು. ಅಷ್ಟೇ. ಅಂದಿನಿಂದ ಇದು ನಮ್ಮಿಬ್ಬರ ಪದ್ಧತಿ. ರೋಗಿಯ ಸರದಿ ಬಂದಾಗ, ಅವನ ರೋಗದ ವಿವರ ಬರೆದಿಡುವ ಕೇಸ್ ಪೇಪರನ್ನು ಅವನ ಕೈಗೇ ಕೊಟ್ಟು ಒಳಗೆ ಕಳಿಸುತ್ತಿದ್ದೆ. ಬಲಗಡೆಯ ಮೇಲಿನ ಮೂಲೆ ಮಡಿಚಿದ್ದರೆ ಡಾಕ್ಟರು ಕಡಿಮೆ ದರದ್ದು ಬರೆಯುವರು. ಮಡಿಕೆ ಇಲ್ಲದಿದ್ದರೆ ಹೊಸದಾಗಿ ಬಂದ ತುಟ್ಟಿ ಔಷಧ. ಬಾಯಲ್ಲಿ ಮಾತಿಲ್ಲ, ಯಾರಿಗೂ ನಾಚಿಕೆ ಇಲ್ಲ. ಇದಕ್ಕಿಂತ ಮರ್ಯಾದೆಯ ಕೆಲಸ ಇಲ್ಲ ಅಂದುಕೊಂಡಿದ್ದೆ.

ಯಾರದು ಮಡಿಚಬೇಕು ಅನ್ನುವುದು ನನ್ನ ವಿದ್ಯೆ. ಬಟ್ಟೆ ನೋಡಬಾರದು. ದವಾಖಾನೆಗೆ ಬರುವಾಗ ಇಲ್ಲದವನು ಮದುವೆಗೆ ಇಟ್ಟ ಧೋತರ ಉಡುತ್ತಾನೆ, ಇದ್ದವನು ಹೊಲದ ಅಂಗಿಯಲ್ಲೇ ಬರುತ್ತಾನೆ. ಇಬ್ಬರಿಗೂ ಡಾಕ್ಟರ ಮೇಲೆ ಸಂಶಯ. ಮೊದಲಿನವನಿಗೆ, ಬಡವನೆಂದು ಕಂಡರೆ ಸರಿಯಾಗಿ ನೋಡುವುದಿಲ್ಲ ಅಂತ. ಎರಡನೆಯವನಿಗೆ, ಸಾಹುಕಾರನೆಂದು ಕಂಡರೆ ಸುಲಿಯುತ್ತಾರೆ ಅಂತ. ಆದರೆ ಚಪ್ಪಲಿಯನ್ನು ಯಾರೂ ಬದಲಾಯಿಸುವುದಿಲ್ಲ. ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಉಂಗುಟದ ಬಾರು ತಂತಿಯಿಂದ ಕಟ್ಟಿದ್ದೋ, ಹಿಮ್ಮಡಿಗೆ ಟಯರಿನ ತುಂಡು ಹೊಡೆದಿದ್ದೋ, ಒಂದು ನೋಟದಲ್ಲಿ ನನಗೆ ಮನೆಯ ಒಲೆ ಕಾಣುತ್ತಿತ್ತು.

ಈ ಗುಟ್ಟು ನಮ್ಮಿಬ್ಬರದೇ ಅಂದುಕೊಂಡಿದ್ದೆ. ಬಬಲೇಶ್ವರದ ಒಬ್ಬ ಗೌಡರು ಅದನ್ನು ಒಡೆದರು. ನಾಲ್ಕು ಕೊಳವೆಬಾವಿ, ಕಬ್ಬು, ಮನೆ ಮುಂದೆ ಟ್ರ್ಯಾಕ್ಟರು ಇರುವವರು. ಒಂದು ದಿನ ಅವರು ಒಳಗೆ ಹೋದ ಮೇಲೆ ಡಾಕ್ಟರು ನನ್ನನ್ನು ಕರೆದು, “ಹುಸೇನ, ಗೌಡ್ರ ಮೂಲಿ ಯಾಕ ಮಡಚಿದಿ?” ಅಂದರು. ನಾನು ಮಡಿಚಿರಲಿಲ್ಲ. ಗೌಡರು ಕಾಗದ ಹಿಡಿದು ಒಳಗೆ ಹೋಗುವಾಗ ತಾವೇ ಮಡಿಚಿಕೊಂಡಿದ್ದರು! ಡಾಕ್ಟರು ನಕ್ಕರು. ಗೌಡರೂ ನಕ್ಕು, “ಎಲ್ಲಾರಿಗೂ ಮಡಚತಾನ, ನಮಗ ಯಾಕ ಇಲ್ಲ ಅಂತ ನೋಡಿದ್ನಿರಿ” ಅಂದರು. ಅವರು ‘ಎಲ್ಲಾರಿಗೂ’ ಅಂದದ್ದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹೋಗಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ತಿಕೋಟಾದ ಸಂಗಪ್ಪ ಸಕ್ಕರೆ ಕಾಯಿಲೆಯವನು. ಒಣದ್ರಾಕ್ಷಿಯ ಶೆಡ್ಡಿನಲ್ಲಿ ಕಾವಲು ಕೆಲಸ. ಹೆಚ್ಚು ಮಾತಿನವನಲ್ಲ. ಹೆಂಡತಿ ನೀಲವ್ವ ಅವನ ಪಾಲಿನ ಮಾತನ್ನೂ ಆಡುವಳು. ಹನ್ನೆರಡು ವರ್ಷ ನಾನು ಅವನ ಕಾಗದದ ಮೂಲೆ ಮಡಿಚಿದೆ, ಹನ್ನೆರಡು ವರ್ಷ ಹಳೇ ಸಣ್ಣ ಗುಳಿಗೆಯಲ್ಲಿ ಅವನ ಸಕ್ಕರೆ ಹಿಡಿತದಲ್ಲಿತ್ತು. ಆಮೇಲೆ ಅವನ ಪಾದಗಳು ಜೋಮು ಹಿಡಿಯತೊಡಗಿದವು. ಡಾಕ್ಟರು ಪಾದ ಮುಟ್ಟಿ ನೋಡಿ, ಮೆತ್ತಗಿನ ಚಪ್ಪಲಿ ತಗೋಬೇಕು, ಬರಿಗಾಲಲ್ಲಿ ಓಡಾಡಬಾರದು, ಗಾಯವಾದರೆ ತಿಳಿಯುವುದಿಲ್ಲ ಅಂದರು. ಹೊರಗೆ ನಾನೂ ಒತ್ತಿ ಹೇಳಿದೆ. ಯಾವ ಅಂಗಡಿಯಲ್ಲಿ ಸಿಗುತ್ತದೆ ಅಂತ ಕೈ ಮಾಡಿ ತೋರಿಸಿದವನೂ ನಾನೇ.

ಎರಡು ತಿಂಗಳ ಮೇಲೆ ತಿಕೋಟಾದಲ್ಲಿ ಸಂಗಪ್ಪ ಬಂದ. ಬಾಗಿಲಲ್ಲಿ ಕಪ್ಪು ಬಣ್ಣದ, ಹಿಂದೆ ಪಟ್ಟಿ ಇರುವ, ದಪ್ಪ ಅಟ್ಟೆಯ ಹೊಸ ಚಪ್ಪಲಿ ಬಿಟ್ಟ. ಅವತ್ತು ಬೆಂಚು ತುಂಬಿತ್ತು. ಅವನ ಹಳೇ ಕಾಗದದಲ್ಲಿ ಜಾಗ ಮುಗಿದಿತ್ತು, ಹೊಸದು ಬರೆಯಬೇಕಿತ್ತು. ನನ್ನ ಕಣ್ಣು ರೂಢಿಯಂತೆ ಚಪ್ಪಲಿಗೆ ಹೋಯಿತು. ಮನೆಯಲ್ಲಿ ಏನೋ ಸುಧಾರಿಸಿದೆ, ಒಳ್ಳೆಯದಾಯಿತು ಅಂದುಕೊಂಡು, ಹೊಸ ಕಾಗದವನ್ನು ಮಡಿಚದೆ ಕೊಟ್ಟೆ. ಡಾಕ್ಟರು ಮಡಿಕೆ ಇಲ್ಲದ್ದು ನೋಡಿ ಹೊಸ ಗುಳಿಗೆ ಬರೆದರು. ಅದರ ಒಂದು ಪಟ್ಟಿಯ ದುಡ್ಡಿಗೆ ಹಳೇದು ಎಷ್ಟೋ ಪಟ್ಟಿ ಬರುತ್ತಿದ್ದವು.

ಅದಾದ ಕೆಲವೇ ದಿನಕ್ಕೆ ಹಿರಿಯ ಡಾಕ್ಟರು ಕಣ್ಣು ಮಂಜಾಯಿತೆಂದು ಕೆಲಸ ಬಿಟ್ಟರು. ದವಾಖಾನೆಯನ್ನು ಒಬ್ಬ ಹೆಣ್ಣುಮಗಳು ವಹಿಸಿಕೊಂಡರು. ವಯಸ್ಸು ನನ್ನ ಮಗಳಷ್ಟು. ಊರವರು ಡಾಕ್ಟರಬಾಯಿ ಅಂದರು, ನಾನು ಬಾಯಾರ ಅಂದೆ, ಅವರು ನನಗೆ ಕಾಕಾ ಅಂದರು. ಅವರ ಪದ್ಧತಿ ಬೇರೆ. ಪೆನ್ನು ಎತ್ತುವ ಮೊದಲೇ ದರ ಹೇಳುವರು. “ಅಜ್ಜಾ, ಈ ಗುಳಿಗಿ ತಿಂಗಳಿಗೆ ಇಷ್ಟ ಆಗತೈತಿ. ಆಗತೈತೇನು? ಆಗದಿದ್ರ ಹೇಳ್ರಿ, ಬ್ಯಾರೇದ ಬರೀತೇನಿ.”

ಎಷ್ಟು ಒಳ್ಳೆಯ ಮಾತು, ಅಲ್ಲವೆ? ಬೆಂಚಿನ ಮೇಲೆ ಅದು ಏನಾಯಿತು ಅಂತ ಕೇಳಿ.

ಇಬ್ರಾಹಿಂಪುರದ ನಮ್ಮ ಓಣಿಯವಳೇ ಆದ ಬಿಯಾಮಾ, ಎಪ್ಪತ್ತು ದಾಟಿದವಳು, ಹೊರಗೆ ಬಂದು ನನ್ನ ತೋಳು ಹಿಡಿದಳು. “ಬೇಟಾ, ಖರೇ ಹೇಳು. ಆಕಿ ನನಗ ಕಡಿಮಿ ರೊಕ್ಕದ್ದ ಬರದಾಳ. ನಾ ಉಳಿಯಾಂಗಿಲ್ಲ ಅಂತ ಆಕಿಗಿ ಗೊತ್ತಾಗೈತಿ, ಹೌದಿಲ್ಲೋ? ಇದಕ್ಕ್ಯಾಕ ಖರ್ಚ ಅಂತ.”

ಇನ್ನೊಬ್ಬ ಅಜ್ಜನಿಗೆ ಸೊಸೆಯದು ಚಿಂತೆ. “ಸೊಸಿ ಬಾಜೂಕ ನಿಂತಾಳ, ಆಗತೈತೇನು ಅಂತ ಕೇಳಿದ್ರ ನಾ ಏನನ್ಲಿ? ಆಗತೈತಿ ಅಂದ್ರ ಆಕಿ ಮಾರಿ ಸಣ್ಣದಾತು. ಆಗಂಗಿಲ್ಲ ಅಂದ್ರ ನನ್ನ ಮಗನ ಮರ್ಯಾದಿ ಹೋತು.”

ಗೌಡರಂತೂ ಕೆಂಡವಾದರು. “ನನಗ ಕಡಿಮಿದ್ದ ಐತಿ ಅಂತ ಹೇಳ್ತಾಳಲ್ಲೋ ಹುಸೇನ, ನಾ ಏನ ಭಿಕ್ಷಾ ಬೇಡಾಕ ಬಂದೇನು? ಮೆಡಿಕಲ್‌ನವನ ಜೋಡಿ ಏನೋ ಮಾತಾಗೈತಿ. ಇಲ್ಲಾಂದ್ರ ಡಾಕ್ಟರಿಗಿ ದರಾ ಹ್ಯಾಂಗ ಗೊತ್ತಿರತೈತಿ?”

ತಾನೇ ಮೂಲೆ ಮಡಿಚಿಕೊಂಡ ಮನುಷ್ಯ ಈ ಮಾತು ಆಡುತ್ತಿದ್ದರು. ನಗು ಬಂತು. ಆದರೆ ಕೊನೆಯ ಪ್ರಶ್ನೆ ನನ್ನೊಳಗೂ ಕೂತಿತು. ಹಿರಿಯ ಡಾಕ್ಟರು ಒಂದು ದಿನ ದರ ಬಾಯಿಗೆ ತಂದವರಲ್ಲ. ಇವರಿಗೆ ಎಲ್ಲ ಬಾಯಿಪಾಠ. ನಾನು ಚಹಾದ ನೆಪದಲ್ಲಿ ಮೆಡಿಕಲ್ ಅಂಗಡಿಯ ಮುಂದೆ ನಿಂತು ನೋಡತೊಡಗಿದೆ. ಅಂಗಡಿಯವನು ದವಾಖಾನೆಗೆ ಬರುತ್ತಾನೋ, ಲಕೋಟೆ ಏನಾದರೂ ಕೈ ಬದಲಾಗುತ್ತದೋ ಅಂತ. ಏನೂ ಸಿಗಲಿಲ್ಲ. ಏನೂ ಸಿಗದಿದ್ದರೆ ಸಂಶಯ ಕಡಿಮೆಯಾಗುತ್ತದೆ ಅಂದುಕೊಳ್ಳಬೇಡಿ. ಎಷ್ಟು ಹುಷಾರಿ ಇದ್ದಾಳೆ ಈಕೆ ಅನ್ನಿಸಿತು.

ಅಷ್ಟರಲ್ಲಿ ಬಾಯಾರಿಗೆ ನನ್ನ ಮೇಲೇ ಸಂಶಯ ಬಂದಿತ್ತು. ಒಂದು ದಿನ ಮೂಲೆ ಮಡಿಚಿದ ಕಾಗದಗಳ ಕಟ್ಟು ಮೇಜಿನ ಮೇಲೆ ಇಟ್ಟುಕೊಂಡು ಕರೆದರು.

“ಕಾಕಾ, ಇವು ಯಾಕ ಮಡಿಚ್ಯಾವ? ಕೆಲವೇ ಮಡಿಚ್ಯಾವ, ಕೆಲವು ಇಲ್ಲ.”

“ಕಪಾಟಿನಾಗ ಒತ್ತಿ ಮಡಚಿರಬೇಕ್ರಿ.”

“ಎಲ್ಲಾ ಒಂದೇ ಮೂಲಿ?”

ಅವರು ನನ್ನನ್ನೇ ನೋಡಿದರು. “ಮಂದಿ ಚೀಟಿ ಜೋಡಿ ಈ ಕಾಗದನೂ ಮೆಡಿಕಲ್‌ನಾಗ ತೋರಿಸಿ ತಂದ ಕೊಡ್ತಾರ. ಅಲ್ಲಿಯವರಿಗೆ ಏನರ ಗುರ್ತು ಕಳಸ್ತಿದ್ರೇನು?”

ಇಷ್ಟು ವರ್ಷದ ಕೆಲಸ. ಕೊನೆಗೆ ಈ ಮಾತು. ನಿಜ ಹೇಳಬಹುದಿತ್ತು. ಕಳ್ಳನ ಹಾಗೆ ಕೇಳಿದವರಿಗೆ ಯಾಕೆ ಹೇಳಲಿ ಅಂತ ಹಠ ಬಂತು. “ನಾ ಸಾಲಿ ಕಲ್ತಿಲ್ರಿ ಬಾಯಾರ, ಆದ್ರ ಅಂಥಾ ಕೆಲಸಾನೂ ಕಲ್ತಿಲ್ಲ,” ಅಂದು ಹೊರಗೆ ಬಂದೆ. ಅವರು ಒಂದೊಂದು ಮೂಲೆಯನ್ನೂ ಉಗುರಿನಿಂದ ತೀಡಿ ನೆಟ್ಟಗೆ ಮಾಡುವ ಸದ್ದು ಸ್ಟೂಲಿನವರೆಗೆ ಕೇಳಿಸುತ್ತಿತ್ತು. ಅಲ್ಲಿಂದ ಮುಂದೆ ಅವರಿಗೆ ನನ್ನ ಮೇಲೆ ಕಣ್ಣು, ನನಗೆ ಅವರ ಮೇಲೆ ಕಣ್ಣು. ನಡುವೆ ರೋಗಿಗಳು.

ಆ ದಿನಗಳಲ್ಲೇ ಸಂಗಪ್ಪ ಕುಂಟುತ್ತ ವಿಜಯಪುರದ ದವಾಖಾನೆಗೆ ಬಂದ. ಶೆಡ್ಡಿನಲ್ಲಿ ಮೊಳೆ ಚಪ್ಪಲಿಯ ಪಕ್ಕದಿಂದ ಹೊಕ್ಕಿತ್ತು, ಅವನಿಗೆ ತಿಳಿದಿರಲಿಲ್ಲ. ಎಡಗಾಲಿನ ಎರಡು ಬೆರಳು ಕಪ್ಪಗಾಗಿದ್ದವು. ಸಕ್ಕರೆ ನೋಡಿದರೆ ಮಿತಿ ಮೀರಿತ್ತು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ನನಗೆ ಎಲ್ಲ ಕೇಳುತ್ತಿತ್ತು.

“ಅಜ್ಜಾ, ಗುಳಿಗಿ ದಿನಾ ತಗೋತೀರಿಲ್ಲೋ?”

“ತಗೋತೇನ್ರಿ.”

“ಎಲ್ಲೈತಿ ತೋರಸ್ರಿ.”

ನೀಲವ್ವ ಚೀಲದಿಂದ ಪಟ್ಟಿ ತೆಗೆದಳು. ಎಂದೋ ಖಾಲಿಯಾಗಬೇಕಿದ್ದ ಪಟ್ಟಿಯಲ್ಲಿ ಇನ್ನೂ ಅರ್ಧ ಗುಳಿಗೆ ಇದ್ದವು.

“ಮತ್ತ ಇವು ಹ್ಯಾಂಗ ಉಳದಾವ?”

“ಮರತಿರಬೇಕ್ರಿ.”

“ರೊಕ್ಕಕ್ಕ ತ್ರಾಸ ಐತೇನು? ನಾ ಪ್ರತಿ ಸಲ ಕೇಳೇನಲ್ಲ?”

“ಏನ ತ್ರಾಸಿಲ್ರಿ. ಬರೀರಿ ನೀವು.”

ಬಾಯಾರು ಎದ್ದು ಹೊರಗೆ ಬಂದರು. ಅವರ ಮುಖದಲ್ಲಿ ಅವತ್ತು ಸಂಶಯ ಇರಲಿಲ್ಲ, ಹೆದರಿಕೆ ಇತ್ತು. “ಕಾಕಾ, ನನಗ ಹೇಳವಲ್ರು. ಬೆರಳ ಹೋದಾವು, ಬಿಟ್ರ ಪಾದನೂ ಹೋಗತೈತಿ. ನೀವು ಕೇಳ್ರಿ.”

ಅವರಿಬ್ಬರನ್ನು ಬೆಂಚಿಗೆ ಕರೆದು ಕೂರಿಸಿಕೊಂಡೆ. “ಸಂಗಪ್ಪಣ್ಣಾ, ಖರೇ ಹೇಳ್ರಿ. ಗುಳಿಗಿ ಯಾಕ ಬಿಟ್ರಿ?”

ಸಂಗಪ್ಪ ಗೋಡೆ ನೋಡಿದ. ನೀಲವ್ವ ನನ್ನನ್ನು ನೋಡುತ್ತಲೇ ಗಂಡನಿಗೆ ಅಂದಳು.

“ಇವರಿಗ್ಯಾಕ ಹೇಳ್ತೀರಿ? ಮಡಿಕಿ ಬಿಚ್ಚಿದವ್ರು ಇವರ ಅಲ್ಲೇನು?”

ನಾನು ಅವಳ ಕಡೆ ತಿರುಗಿದೆ. “ಯಾವ ಮಡಿಕಿ ಬೇ?”

“ಏನ ಗೊತ್ತಿಲ್ಲದವರಂಗ ಕೇಳ್ತೀರಲ್ಲೋ ಯಪ್ಪಾ! ಬೆಂಚಿನ ಮ್ಯಾಲ ಕುಂತವ್ರಿಗೆಲ್ಲಾ ಗೊತ್ತೈತಿ. ಮೂಲಿ ಮಡಿಚಿದ್ರ ಸಣ್ಣ ಗುಳಿಗಿ, ಮಡಚದಿದ್ರ ತುಟ್ಟಿ ಗುಳಿಗಿ. ಹನ್ನೆರಡ ವರ್ಷ ಮಡಿಚಿದ್ರಿ, ಅಲ್ಲಾ ನಿಮ್ಮನ್ನ ಚಲೋ ಇಡಲಿ ಅಂದ್ಕೊತ ಹೊಕ್ಕಿದ್ವಿ. ಆಮ್ಯಾಲ ಮೆತ್ತಗಿನ ಚಪ್ಪಲಿ ತಗೋ ಅಂದ್ರಿ. ನನ್ನ ಕಿವ್ಯಾಗಿನ ಬೆಂಡವಾಲಿ ಕೊಟ್ಟ ತಂದ್ವಿ. ಹಾಕ್ಕೊಂಡ ಬಂದ ದಿನಾನ ಮಡಿಕಿ ಹೋತು.”

ಸಂಗಪ್ಪ ಆಗ ಬಾಯಿ ತೆರೆದ. ದನಿ ಏರಲಿಲ್ಲ. “ಚಪ್ಪಲಿ ತಗೋ ಅಂದವ್ರೂ ನೀವ, ಚಪ್ಪಲಿ ನೋಡಿ ದರಾ ಏರಿಸಿದವ್ರೂ ನೀವ. ಈಗ ಬಾಯಾರು ಬಾಯಿಲೇ ಕೇಳಾಕತ್ತಾರ, ಆಗತೈತೇನು ಅಂತ. ಆಗಂಗಿಲ್ಲ ಅಂದ್ರ ಇನ್ನೇನ ತಗೀತೀರೋ ಯಾರಿಗ್ಗೊತ್ತು? ಅದಕ್ಕ ಬರೀರಿ ಅಂತೇನಿ. ಒಂದ ದಿನ ಬಿಟ್ಟ ಒಂದ ದಿನ ತಗೋತೇನಿ.”

ಅವನ ಕಿವಿಯಲ್ಲಿ ನಾನು ಹಾಕಿದ್ದ ಮಾತು, ಅವಳ ಕಿವಿಯಲ್ಲಿ ಇಲ್ಲದ ಬೆಂಡವಾಲಿ. ಅವಳ ಕಿವಿಯ ತೂತಿನಲ್ಲಿ ಪೊರಕೆಯ ಕಡ್ಡಿ ಇತ್ತು. ಮೂವತ್ತು ವರ್ಷ ಎಲ್ಲರ ಕಾಲು ನೋಡಿದ ನಾನು ಅದನ್ನು ಅವತ್ತು ಮೊದಲ ಸಲ ನೋಡಿದೆ.

ಒಳಗೆ ಹೋಗಿ ಬಾಯಾರಿಗೆ ಎಲ್ಲ ಹೇಳಿದೆ. ಹಿರಿಯ ಡಾಕ್ಟರು ಅಂದದ್ದು, ಮಡಿಕೆ, ಚಪ್ಪಲಿ. ನಿಂತೇ ಹೇಳಿದೆ.

“ಇಷ್ಟ ವರ್ಷ ಚಪ್ಪಲಿ ನೋಡಿದ್ರಿ ಕಾಕಾ, ಒಬ್ಬರಿಗರ ಕೇಳಿದ್ರೇನು?”

“ಕೇಳಿದ್ರ ಅವ್ರಿಗಿ ಅವಮಾನ ಆಗತೈತಿ ಅಂತ್ರಿ.”

“ಆ ದಿನ ನಾ ಕೇಳಿದಾಗ ನನಗರ ಹೇಳಬೇಕಿಲ್ಲೇನು?”

“ನೀವು ಕಳ್ಳನ್ನ ಕೇಳಿದಂಗ ಕೇಳಿದ್ರಿ.”

ಅವರು ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ಆಮೇಲೆ ಅವರು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು, ಫೋನು ಮಾಡಿದರು. ಸಂಗಪ್ಪನನ್ನು ಆಟೋದಲ್ಲಿ ಕೂರಿಸಿ ನಾನೇ ಜೊತೆಗೆ ಹೋದೆ.

ಎರಡು ಬೆರಳು ತೆಗೆದರು. ಪಾದ ಉಳಿಯಿತು. ಹಳೇ ಸಣ್ಣ ಗುಳಿಗೆಯನ್ನೇ ಬಾಯಾರು ಮತ್ತೆ ಬರೆದರು, ಜೊತೆಗೆ ಕೆಲವು ದಿನ ಇಂಜಕ್ಷನ್ನು. ನಾನು ತಿಕೋಟಾಕ್ಕೆ ಹೋಗಿ ನೋಡಿಕೊಂಡು ಬಂದೆ. ನೀಲವ್ವ ಕುಡಿಯಲು ನೀರು ಕೊಟ್ಟಳು, ಮಾತು ಕೊಡಲಿಲ್ಲ. ಅವಳದು ತಪ್ಪಲ್ಲ.

ಅಲ್ಲಿಂದ ಮುಂದೆ ಬಾಯಾರು ದರ ಹೇಳುವುದನ್ನು ಬಿಡಲಿಲ್ಲ, ಹೇಳುವ ರೀತಿ ಬದಲಾಯಿಸಿದರು. ಎಲ್ಲರ ತೋಳಿಗೂ ಬಿಪಿ ಪಟ್ಟಿ ಸುತ್ತುವ ಹಾಗೆ, ಎಲ್ಲರಿಗೂ ಅದೇ ಮಾತು, ಗೌಡರಿಗೂ, ಬಿಯಾಮಾಗೂ. ಆ ಮಾತಿಗೆ ಮೊದಲು ಬಾಗಿಲು ಮುಚ್ಚಬೇಕು, ಸೊಸೆ, ಮಗ ಯಾರೇ ಇರಲಿ ಹೊರಗೆ ಕರೆಯಬೇಕು. ಆ ಕೆಲಸ ನನ್ನದಾಯಿತು. ‘ಆಗತೈತೇನು’ ಅನ್ನುವ ಮಾತನ್ನು ಅವರು ಬಿಟ್ಟರು. “ಎರಡೂ ಅದಾವ, ಎರಡೂ ಕೆಲಸ ಮಾಡ್ತಾವ, ಯಾವದ ಬರೀಲಿ?” ಅನ್ನತೊಡಗಿದರು. ಗೌಡರು ಕಡಿಮೆಯದನ್ನೇ ಬರೆಸಿಕೊಂಡರು. ಹೊರಗೆ ಬಂದು, “ಬಾಯಾರು ಭಾಳ ಒತ್ತಾಯ ಮಾಡಿದ್ರು,” ಅಂದರು. ಸಂಶಯ ಹೋಯಿತೆ? ಇಲ್ಲ. ಬಿಯಾಮಾ ಇಂದಿಗೂ ಗುಳಿಗೆಯನ್ನು ಬೆಳಕಿಗೆ ಹಿಡಿದು ನೋಡಿಯೇ ನುಂಗುತ್ತಾಳೆ.

ನಾನು ಕೆಲಸ ಬಿಟ್ಟ ಮರು ವರ್ಷ ನನಗೇ ಬಿಪಿ ಬಂತು. ಅದೇ ದವಾಖಾನೆಗೆ ಹೋದೆ. ಚಪ್ಪಲಿ ಬಿಡುವಾಗ, ಹರಿದ ಬಾರು ಗೋಡೆಯ ಕಡೆ ಬರುವಂತೆ ತಿರುಗಿಸಿ ಇಟ್ಟೆ. ಇಟ್ಟ ಮೇಲೆ ಅದು ನನಗೆ ತಿಳಿಯಿತು. ಒಳಗೆ ಬಾಯಾರು ಬಾಗಿಲು ಮುಚ್ಚಿ, ಎಲ್ಲರಿಗೂ ಹೇಳುವ ಅದೇ ಮಾತು ನನಗೂ ಹೇಳಿದರು. ಆ ಮಾತನ್ನು ಸಾವಿರ ಸಲ ಬಾಗಿಲ ಈಚೆಗೆ ಕೇಳಿದವನು ನಾನು. ಆದರೂ ‘ಎರಡೂ ಅದಾವ’ ಅಂದ ಕೂಡಲೇ ಎದೆಯಲ್ಲಿ ಎದ್ದದ್ದು ಬಿಯಾಮಾಳ ಪ್ರಶ್ನೆ: ನಾನು ಉಳಿಯುವುದಿಲ್ಲ ಅಂತ ಗೊತ್ತಾಗಿದೆಯೆ?

“ಚಲೋದ ಬರೀರಿ ಬಾಯಾರ,” ಅಂದೆ. “ನನಗೇನ ತ್ರಾಸಿಲ್ಲ.”

ಅವರು ಒಂದು ಗಳಿಗೆ ನೋಡಿ, ಬರೆದು ಕೊಟ್ಟರು. ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆ ಬಂದೆ. ಬೆಂಚಿನ ಮೇಲೆ ಸಂಗಪ್ಪ ಕೂತಿದ್ದ.

“ಯಾವದ ಬರಿಸಿದ್ರಿ ಹುಸೇನಸಾಬ್ರ?”

“ತುಟ್ಟೀದು.”

“ದಿನಾ ತಗೊಳ್ಳಾಕ ಆಗತೈತಿ?”

ನಾನು ಗೋಡೆ ನೋಡಿದೆ. ಸಂಗಪ್ಪ ಆ ಕಪ್ಪು ಚಪ್ಪಲಿಯಿಂದ ಎಡಗಾಲನ್ನು ಮೆಲ್ಲಗೆ ಹೊರಗೆ ತೆಗೆದು, ಬೆರಳಿಲ್ಲದ ಆ ಜಾಗ ನನಗೆ ಕಾಣುವಂತೆ ನೆಲದ ಮೇಲೆ ಇಟ್ಟ.

“ಹೋಗ್ರಿ ಒಳಗ,” ಅಂದ.

ಮೂವತ್ತೆರಡು ವರ್ಷ ಬೇರೆಯವರಿಗಾಗಿ ತೆರೆದ ಬಾಗಿಲನ್ನು ನನಗಾಗಿ ತಟ್ಟಿದೆ. ಬಾಯಾರು ತಲೆ ಎತ್ತಿದರು.

“ಬಾಯಾರ, ಆ ಇನ್ನೊಂದ ಬರೀರಿ.”